ಮನೆತನದ ಹಾದಿ ಹಿಡಿಯುವ ಬಗೆ

ಅಜ್ಜನ ಹೆಸರೇನೆಂದು ಕೇಳಿದರೆ ಯಾರಾದರೂ ಹೇಳುತ್ತಾರೆ. ಅಜ್ಜನ ತಂದೆಯ ಹೆಸರನ್ನು ಸ್ವಲ್ಪ ಯೋಚಿಸಿ ಹೇಳಿಯಾರು. ಅದರಾಚೆಗೆ ಕೇಳಿದರೆ ಬಹುಮಂದಿ ಸುಮ್ಮನಾಗುತ್ತಾರೆ. ಇನ್ನು ಅಜ್ಜಿಯ ತಾಯಿಯ ಹೆಸರನ್ನು ಕೇಳಿದರಂತೂ ನೂರರಲ್ಲಿ ನಾಲ್ಕು ಮಂದಿ ಬಾಯಿ ತೆರೆದರೆ ಹೆಚ್ಚು. ಹಿರಿಯರನ್ನು ನಾವು ಮರೆತೆವೆಂದಲ್ಲ. ಅವರ ಗುರುತು ಎಲ್ಲಿ ಉಳಿದಿದೆ ಎಂಬುದು ನಮಗೆ ತಿಳಿಯದು, ಅಷ್ಟೆ.

ಇಂಗ್ಲೆಂಡಿನಲ್ಲಿ ಈ ಕೆಲಸ ಒಂದಿಷ್ಟು ಸುಲಭ. ಅಲ್ಲಿ 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ತಾಮಸ್ ಕ್ರಾಮ್‌ವೆಲ್, ಪ್ರತಿಯೊಂದು ಚರ್ಚಿನವರೂ ತಮ್ಮ ವ್ಯಾಪ್ತಿಯ ಜನರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದನು. ಅವುಗಳಲ್ಲಿ ಉಳಿದುಬಂದ ಪುಸ್ತಕಗಳು ಈಗ ಬಹುಮಟ್ಟಿಗೆ ಆಯಾ ಕೌಂಟಿಯ, ಎಂದರೆ ಜಿಲ್ಲೆಯ, ದಾಖಲೆಯ ಮನೆಗಳಲ್ಲಿವೆ. ನಮ್ಮ ಕಡೆಗೆ ಅಂಥ ಒಂದು ಪುಸ್ತಕ ಇಲ್ಲ. ಜನನ ಮರಣಗಳನ್ನು ನೋಂದಾಯಿಸುವ ಕಾಯಿದೆ ದೇಶಕ್ಕೆಲ್ಲ ಒಂದೇ ಆಗಿ ಬಂದದ್ದು 1969ರಲ್ಲಿ. ಹಾಗಾದರೆ ಹಿಂದಿನವರ ಸುದ್ದಿ ಎಲ್ಲಿಯೂ ಇಲ್ಲವೆ? ಇದೆ. ಆದರೆ ಒಂದೆಡೆ ಇಲ್ಲ, ಮೂರು ಕಡೆ ಹಂಚಿಹೋಗಿದೆ: ಜಮೀನಿನ ದಫ್ತರದಲ್ಲಿ, ಹೆಳವನ ಬಾಯಲ್ಲಿ, ಮನೆಯ ಮುದುಕಿಯರ ನೆನಪಿನಲ್ಲಿ. ಈ ಮೂರೂ ಬೇರೆಬೇರೆ ಉದ್ದೇಶಕ್ಕಾಗಿ ನೆನಪಿಟ್ಟುಕೊಂಡಂಥವು. ಆದುದರಿಂದ ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ.

ಮೊದಲು ದಫ್ತರದ ಮಾತು. ರಾಯಚೂರು ಜಿಲ್ಲೆಯಲ್ಲಿ ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಮೇಲೆ ಪೋತ್ನಾಳ ಇದೆ. ಅಲ್ಲಿಯ ಒಂದು ಒಕ್ಕಲುಮನೆಯವರು ತಮ್ಮ ಹಿರಿಯರನ್ನು ಹುಡುಕಹೊರಟರೆಂದು ಇಟ್ಟುಕೊಳ್ಳಿ. ಅವರ ಕೈಯಲ್ಲಿ ಇಂದಿನ ಪಹಣಿ ಇರುತ್ತದೆ; ಅದರಲ್ಲಿ ಸರ್ವೆ ನಂಬರು ಇರುತ್ತದೆ. ಆ ನಂಬರೇ ಕೈಗೆ ಸಿಕ್ಕ ಹಗ್ಗದ ತುದಿ. ಅದನ್ನು ಹಿಡಿದು ಹಿಂದಕ್ಕೆ ನಡೆಯಬೇಕು. ಖಾತೆ ಒಬ್ಬರಿಂದ ಒಬ್ಬರಿಗೆ ಏಕೆ ಬದಲಾಯಿತೆಂಬುದನ್ನು ಮ್ಯುಟೇಶನ್ ಪುಸ್ತಕ ಹೇಳುತ್ತದೆ. 'ವಾರಸಾ' ಎಂದೋ 'ಪೌತಿ' ಎಂದೋ ಇದ್ದರೆ ಹಳೆಯ ಖಾತೆದಾರ ತೀರಿಕೊಂಡು ಅವನ ಹಕ್ಕುದಾರರ ಹೆಸರು ಬಂದಿದೆ ಎಂದರ್ಥ. ಅಲ್ಲಿ ತಂದೆ ಯಾರು, ಮಕ್ಕಳು ಯಾರೆಂಬುದು ದೊರೆಯುತ್ತದೆ. 'ಕ್ರಯ' ಎಂದಿದ್ದರೆ ಜಮೀನು ಮಾರಾಟವಾಗಿದೆ. ಅಲ್ಲಿಂದ ಹಿಂದಿನ ಹೆಸರು ನಿಮ್ಮ ಮನೆಯವರದ್ದಲ್ಲ. ಹೊಲದ ಹಾದಿ ಬೇರೆ, ಮನೆತನದ ಹಾದಿ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು.

ಈ ಎಚ್ಚರ ಮಾನ್ವಿ, ಸಿಂಧನೂರು ಸೀಮೆಯಲ್ಲಿ ಇನ್ನಷ್ಟು ಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಮೇಲೆ ಆಂಧ್ರದ ಕಡೆಯಿಂದ ಬಹಳ ಕುಟುಂಬಗಳು ಬಂದು ಇಲ್ಲಿ ಜಮೀನು ಕೊಂಡವು. ಅವರು ನೆಲೆಸಿದ ಕ್ಯಾಂಪುಗಳು ಇಂದಿಗೂ ಆ ಹೆಸರಿನಿಂದಲೇ ಇವೆ. ಕ್ಯಾಂಪಿನ ಮನೆಯವರ ಕಾಗದ ಇಲ್ಲಿ ಎರಡು ಮೂರು ತಲೆಮಾರಿಗೆ ನಿಲ್ಲುತ್ತದೆ. ಮುಂದಿನ ಹುಡುಕಾಟ ಅವರು ಬಿಟ್ಟುಬಂದ ಊರಿನಲ್ಲಿ ನಡೆಯಬೇಕು.

ಕೈಬರಹದ ಹಳೆಯ ಪಹಣಿಗಳನ್ನು ದಾಟಿ ಹಿಂದೆ ಹೋದರೆ 1954-55ರ ಖಾಸ್ರಾ ಪಹಣಿ ಸಿಗುತ್ತದೆ. ಅದು ಹೈದರಾಬಾದು ರಾಜ್ಯದ ಕಾಲದ್ದು. ಪಟ್ಟೇದಾರ ಯಾರು, ಹೊಲ ಯಾರ ಕಬ್ಜೆಯಲ್ಲಿತ್ತು ಎಂಬುದನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ. ಅದರ ಹಿಂದಿನದು ಸೇತ್ವಾರ್. ಭೂಮಾಪನ ಮುಗಿದು ಕಂದಾಯ ಗೊತ್ತಾದಾಗ ಪ್ರತಿ ಸರ್ವೆ ನಂಬರಿಗೂ ವಿಸ್ತೀರ್ಣ, ಆಕಾರ, ಪಟ್ಟೇದಾರನ ಹೆಸರು ಬರೆದ ಮೂಲ ಪುಸ್ತಕ ಅದು. ಇಂಥ ಕಾಗದಗಳ ನಕಲಿಗೆ ತಹಸೀಲ ಕಚೇರಿಯ ದಾಖಲೆ ಕೋಣೆಯಲ್ಲಿ ಅರ್ಜಿ ಕೊಡಬೇಕು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವ ಭೂ ಸುರಕ್ಷಾ ಯೋಜನೆಯನ್ನು ಕರ್ನಾಟಕ ಸರಕಾರ 2024ರಲ್ಲಿ ಆರಂಭಿಸಿತು. ಜೀರ್ಣವಾಗುತ್ತಿದ್ದ ಕಾಗದಗಳಿಗೆ ಇದೊಂದು ಆಸರೆ.

ಇಲ್ಲಿ ಎರಡು ತೊಡಕುಗಳುಂಟು. ಒಂದು ಭಾಷೆಯದು. ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯದಲ್ಲಿತ್ತು. ನಿಜಾಮರ ಆಡಳಿತದಲ್ಲಿ ಮೊದಲು ಪಾರಸಿ, 1884ರಿಂದ ಉರ್ದು ಸರಕಾರದ ಭಾಷೆಯಾಗಿತ್ತು. ಆದ್ದರಿಂದ ಮೇಲಿನ ಕಚೇರಿಗಳ ಕಾಗದಗಳು ಉರ್ದುವಿನಲ್ಲಿವೆ, ಅದೂ ಅವಸರದ ಕೈಬರಹದಲ್ಲಿ. ಅದನ್ನು ಓದಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಊರಿನಲ್ಲಿ ಬಲ್ಲವರು ಒಬ್ಬರಿದ್ದರೂ ಇಂದೇ ಅವರಿಂದ ಓದಿಸಿ ಕನ್ನಡದಲ್ಲಿ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ಶಬ್ದಗಳು ಗೊತ್ತಿದ್ದರೆ ಕೇಳುವಾಗ ಅನುಕೂಲ. 'ವಲ್ದ್' ಎಂದರೆ ಇಂಥವರ ಮಗ; 'ಜೌಜೆ' ಎಂದರೆ ಇಂಥವರ ಹೆಂಡತಿ; 'ವಿರಾಸತ್' ಎಂದರೆ ವಾರಸುದಾರಿಕೆ; 'ಶಜ್ರಾ' ಎಂದರೆ ವಂಶವೃಕ್ಷ.

ಇನ್ನೊಂದು ತೊಡಕು ವರ್ಷದ್ದು. ಕಾಗದದ ತಲೆಯ ಮೇಲೆ 1340 ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಅದು ಫಸಲಿ ವರ್ಷ. ಹೈದರಾಬಾದಿನಲ್ಲಿ ಫಸಲಿ ವರ್ಷ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ ಆರಂಭವಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗಿನ ಸಂಗತಿಯಾದರೆ 590 ಕೂಡಿಸಬೇಕು, ಆಮೇಲಿನದಾದರೆ 591. ಹೀಗೆ ಫಸಲಿ 1340 ಎಂಬುದು 1930ರ ಅಕ್ಟೋಬರಿನಿಂದ 1931ರ ಅಕ್ಟೋಬರ್ ಆರಂಭದವರೆಗಿನ ಕಾಲ. ಹಿಜರಿ ವರ್ಷ ಬೇರೆಯ ಲೆಕ್ಕ, ಎರಡನ್ನೂ ಬೆರಸಬಾರದು. ಜಿಲ್ಲೆಯ ಹೆಸರಿನಲ್ಲಿಯೂ ಎಚ್ಚರ ಬೇಕು. 1905ರವರೆಗೆ ಲಿಂಗಸೂಗೂರು ಒಂದು ಪ್ರತ್ಯೇಕ ಜಿಲ್ಲೆಯಾಗಿತ್ತು; ಸಿಂಧನೂರು ಅದರಲ್ಲಿತ್ತು. ಆಲಂಪುರ, ಗದ್ವಾಲಗಳು 1956ರವರೆಗೆ ರಾಯಚೂರಿನಲ್ಲಿದ್ದು ಆಮೇಲೆ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಬೀಗರ ಊರು ಗಡಿಯಾಚೆ ಆಯಿತೆಂದು ಸಂಬಂಧ ಕಡಿದಂತಲ್ಲ; ಕಾಗದ ಬೇರೆ ಕಚೇರಿಯಲ್ಲಿದೆ ಅಷ್ಟೆ.

ಮಾಲಿಪಾಟೀಲ, ಪೊಲೀಸ ಪಾಟೀಲ, ಪಟವಾರಿ ಮುಂತಾದ ವತನಗಳು ಇದ್ದ ಮನೆತನದವರಿಗೆ ಇನ್ನೊಂದು ದಾರಿ ಇದೆ. ಈ ಕೆಲಸಗಳು ತಂದೆಯಿಂದ ಮಗನಿಗೆ ಬರುತ್ತಿದ್ದವು. ಒಬ್ಬನು ತೀರಿಕೊಂಡರೆ ಮುಂದಿನವನು ತನ್ನ ಹಕ್ಕನ್ನು ತೋರಿಸಬೇಕಾಗಿತ್ತು. ಅದಕ್ಕಾಗಿ ಶಜ್ರಾ ಹಾಜರು ಮಾಡುತ್ತಿದ್ದರು. ಇನಾಮು ಉಳ್ಳವರದೂ ಹೀಗೆಯೇ. ಇನಾಮಿನ ವಿಚಾರಣೆ ಮುಗಿದು ಕೊಡುತ್ತಿದ್ದ ಪತ್ರಕ್ಕೆ ಮುಂತಖಬ್ ಎಂದು ಹೆಸರು. ಕರ್ನಾಟಕದಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ 1963ರ ಫೆಬ್ರವರಿ 1ರಿಂದ ರದ್ದಾಯಿತು. ವತನ ಹೋದರೂ ಕಡತ ಉಳಿದಿರಬಹುದು. ನಿಜಾಮರ ಕಾಲದ ಮೇಲಿನ ದಫ್ತರಗಳಲ್ಲಿ ಬಹಳಷ್ಟು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯದ ಪತ್ರಾಗಾರದಲ್ಲಿವೆ.

ಎರಡನೆಯ ನೆಲೆ ಹೆಳವರದು. ಇವರ ವಿಷಯ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಕಾಲಿಗೆ ಬಟ್ಟೆ ಮುಚ್ಚಿಕೊಂಡು, ಗಂಟೆಯ ಸದ್ದು ಮಾಡುತ್ತ ಹೆಳವ ಮನೆಯ ಮುಂದೆ ಬಂದು ನಿಲ್ಲುತ್ತಿದ್ದ. ಹೆಳವ ಎಂದರೆ ಕಾಲಿಲ್ಲದವನು. ಕಾಲಿಲ್ಲದ ಹಿರಿಯನೊಬ್ಬನಿಗೆ ಎತ್ತು ದೊರೆತ ಕಥೆಯನ್ನು ಅವರು ಬಸವಣ್ಣನವರ ಕಾಲಕ್ಕೆ ಒಯ್ಯುತ್ತಾರೆ. ಇಂತಿಂಥ ಮನೆತನಗಳು ಇಂಥ ಹೆಳವನಿಗೆ ಎಂದು ಹಂಚಿಕೆ ಇರುತ್ತದೆ. ಅವನು ಆ ಮನೆಯ ಮೂಲ ಊರು, ಬೆಡಗು, ಹಿರಿಯರ ಹೆಸರು, ಯಾವಾಗ ಯಾರು ಪಾಲಾಗಿ ಯಾವ ಊರಿಗೆ ಹೋದರು ಎಂಬುದನ್ನೆಲ್ಲ ರಾಗವಾಗಿ ಹೇಳುತ್ತಾನೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಳ್ಳುತ್ತಾನೆ. ಮನೆಯವರು ಕಾಳು, ಬಟ್ಟೆ, ಉಳ್ಳವರಾದರೆ ದನ ಕೊಡುತ್ತಾರೆ. ಬಾಯಿಪಾಠದ ಜೊತೆಗೆ ತಾಮ್ರದ ತಗಡು, ಆಮೇಲೆ ಕಾಗದದ ಪುಸ್ತಕ ಇವೂ ಅವರಲ್ಲಿ ಬಂದವು.

ಬರಗಾಲವೋ ರೋಗವೋ ಬಂದು ಊರು ಬಿಟ್ಟವರ ಸುದ್ದಿ ಜಮೀನಿನ ಕಾಗದದಲ್ಲಿ ಸಿಗುವುದು ಕಷ್ಟ. ಹೊಲ ಹೋದಮೇಲೆ ಹೆಸರೂ ಹೋಗುತ್ತದೆ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಈ ದೋಆಬಿನ ಸೀಮೆ ಬಹಳ ನೊಂದಿತು. ಅಂಥ ಕಾಲದಲ್ಲಿ ಚೆದುರಿದ ಮನೆಯ ಕೊಂಬೆಗಳನ್ನು ಜೋಡಿಸಿ ಹೇಳಬಲ್ಲವನು ಹೆಳವನೇ. ಆದರೆ ಅವನ ಮಾತನ್ನೂ ತೂಗಿ ನೋಡಬೇಕು. ದಾನ ಕೊಡುವವರ ಮುಂದೆ ಹೊಗಳಿಕೆ ಸೇರುವುದು ಸಹಜ. ಐದಾರು ತಲೆಮಾರಿನ ಹೆಸರುಗಳನ್ನು ಪಹಣಿ, ಸೇತ್ವಾರುಗಳ ಜೊತೆಗೆ ಹೋಲಿಸಿ, ಹೊಂದಿಕೊಂಡರೆ ಅದರಾಚೆಯ ಮಾತಿಗೂ ಬೆಲೆ ಬರುತ್ತದೆ. ಹೆಳವರ ಮಕ್ಕಳು ಈಗ ಬೇರೆ ಕಸುಬುಗಳಿಗೆ ಹೋಗುತ್ತಿದ್ದಾರೆ. ನಿಮ್ಮ ಮನೆಯ ಹೆಳವ ಇನ್ನೂ ಬರುತ್ತಿದ್ದರೆ ಅವನನ್ನು ಕೂಡ್ರಿಸಿ, ಒಪ್ಪಿಗೆ ಕೇಳಿ, ಅವನು ಹೇಳುವುದನ್ನು ಮೊಬೈಲ್ ಫೋನಿನಲ್ಲಿ ಹಿಡಿದಿಡಿ. ಅವನಿಗೆ ಸಲ್ಲಬೇಕಾದುದನ್ನು ಕೈತುಂಬ ಕೊಡಿ.

ಯಾತ್ರೆ ಹೋದ ಹಿರಿಯರಿದ್ದರೆ ಕಾಶಿ, ಗಯೆ, ಹರಿದ್ವಾರಗಳ ಪಂಡರ ಬಹಿಗಳನ್ನೂ ನೋಡಬಹುದು. ಬಂದವರು ತಮ್ಮ ಊರು, ತಂದೆ ತಾತಂದಿರ ಹೆಸರು ಬರೆಸಿ ಬರುವ ಪದ್ಧತಿ ಅಲ್ಲಿದೆ. ಮುಸಲ್ಮಾನ ಮನೆಗಳಲ್ಲಿ ಕಾಜಿಗಳು ನಿಕಾಹ ಬರೆದಿಟ್ಟ ಸಿಯಾಹಾ ಉಪಯೋಗಕ್ಕೆ ಬರುತ್ತದೆ. ಮದುಮಗಳ ಹೆಸರು, ಅವಳ ತಂದೆಯ ಹೆಸರು ಅದರಲ್ಲಿರುತ್ತವೆ. ಕ್ರೈಸ್ತರಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳುಂಟು. ಶಾಲೆ ಕಲಿತವರಿಗೆ ಶಾಲೆಯ ದಾಖಲಾತಿ ಪುಸ್ತಕವುಂಟು. ಆದರೆ ಅದರಲ್ಲಿಯ ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಮೇಷ್ಟ್ರು ಅಂದಾಜಿನಿಂದ ಬರೆದದ್ದು ಇರಬಹುದು.

ಇಷ್ಟೆಲ್ಲ ಹುಡುಕಿ ವಂಶವೃಕ್ಷ ಬರೆದಮೇಲೆ ಅದನ್ನು ದೂರ ಹಿಡಿದು ಒಮ್ಮೆ ನೋಡಿ. ಅದರಲ್ಲಿ ಬಹುಶಃ ಗಂಡಸರೇ ತುಂಬಿರುತ್ತಾರೆ. ಜಮೀನಿನ ದಫ್ತರ ನೆನಪಿಟ್ಟದ್ದು ಕಂದಾಯ ಕೊಡುವವನನ್ನು. ಹೆಂಗಸು ಅಲ್ಲಿ ಬಂದರೆ ಗಂಡ ಸತ್ತಮೇಲೆ, 'ಗಂಡ ಇಂಥವನು' ಎಂಬ ಗುರುತಿನೊಡನೆ ಮಾತ್ರ. ಹೆಳವನೂ ಹೆಚ್ಚಾಗಿ ಗಂಡುಮಕ್ಕಳ ಸಾಲನ್ನೇ ಹೇಳುತ್ತಾನೆ. ಮದುವೆಯಾಗಿ ಹೋದ ಹೆಣ್ಣುಮಗಳು ತವರಿನ ಕಾಗದದಿಂದ ಅಳಿಸಿಹೋದಳು. ಸೇರಿದ ಮನೆಯಲ್ಲಿ ಕೆಲವರ ಹೆಸರೂ ಬದಲಾಯಿತು. ಇನ್ನು ಭೂಮಿಯೇ ಇಲ್ಲದೆ ಇನ್ನೊಬ್ಬರ ಹೊಲದಲ್ಲಿ ದುಡಿದು ಬದುಕಿದವರ ಹೆಸರು ದಫ್ತರಕ್ಕೆ ಬೀಳಲಿಲ್ಲ. ಅವರ ಮನೆಯ ಮುಂದೆ ಎತ್ತೇರಿದ ಹೆಳವನೂ ಬರಲಿಲ್ಲ. ಕಾಗದದಲ್ಲಿ ಇಲ್ಲದ ಮಾತ್ರಕ್ಕೆ ಅವರಿಗೆ ಹಿರಿಯರಿಲ್ಲವೆ?

ಇದು ಬರಿಯ ಮರುಕದ ಮಾತಲ್ಲ, ಹಕ್ಕಿನ ಮಾತೂ ಹೌದು. ಒಟ್ಟುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕದ ತಿದ್ದುಪಡಿ 1994ರಲ್ಲಿ ಕೊಟ್ಟಿತು. ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಬಂದ ತಿದ್ದುಪಡಿ ಮದುವೆಯ ಆ ಭೇದವನ್ನು ತೆಗೆದುಹಾಕಿತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಖಾತೆ ಬದಲಾವಣೆಗೆ ಕೊಡುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟರೆ ಅದು ಅಪೂರ್ಣವಷ್ಟೇ ಅಲ್ಲ, ಸುಳ್ಳೂ ಆಗುತ್ತದೆ. ಮುಂದೆ ವ್ಯಾಜ್ಯಕ್ಕೂ ದಾರಿಯಾಗುತ್ತದೆ.

ಆದುದರಿಂದ ಮೂರನೆಯ ನೆಲೆಯನ್ನು ಕೊನೆಗೆ ಹೇಳಿದರೂ ಕೆಲಸ ಮೊದಲಾಗಬೇಕಾದದ್ದು ಅಲ್ಲಿಂದಲೇ. ಅದು ಮನೆಯ ಹಿರಿಯ ಹೆಂಗಸರ ನೆನಪು. ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿತು, ಯಾರ ಬಾಣಂತನ ಎಲ್ಲಿ ಆಯಿತು, ಹುಟ್ಟಿ ಸತ್ತ ಕೂಸಿನ ಹೆಸರೇನು, ಯಾವ ಊರಿನ ದೇವರು ಮನೆದೇವರು, ಯಾರಿಗೆ ಯಾರ ಹೆಸರಿಟ್ಟರು—ಇವನ್ನೆಲ್ಲ ಅವರು ಬಲ್ಲರು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ ಇರುವುದರಿಂದ ಕಾಗದದಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಬರುತ್ತಾರೆ. ಯಾರು ಯಾವ ಬಸಪ್ಪ ಎಂದು ಬಿಡಿಸಿ ಹೇಳುವವರು ಅವರೇ. ಭೂಮಿ ಇಲ್ಲದ ಮನೆಗಳಿಗಂತೂ ಬಹಳ ಸಲ ಇದೊಂದೇ ದಫ್ತರ. ತಹಸೀಲ ಕಚೇರಿಯ ಕಾಗದ ನಾಳೆಯೂ ಇದ್ದೀತು. ಇದು ಮಾತ್ರ ಕಾಯುವುದಿಲ್ಲ.

ಇದಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಒಂದಿಷ್ಟು ತಾಳ್ಮೆ. ಒಬ್ಬೊಬ್ಬರಿಗೆ ಒಂದೊಂದು ಪುಟ ಕೊಡಿ: ಹೆಸರು, ತಂದೆ ತಾಯಿ, ಹುಟ್ಟಿದ ಊರು, ಮದುವೆಯಾದ ಮನೆ, ಮಕ್ಕಳು. ವರ್ಷ ಗೊತ್ತಿಲ್ಲದಿದ್ದರೆ ಗೊತ್ತಿರುವ ಸಂಗತಿಗೆ ಹೊಂದಿಸಿ ಕೇಳಿ: 1948ರ ಪೊಲೀಸ ಕಾರ್ಯಾಚರಣೆಗೆ ಮೊದಲೋ ಆಮೇಲೋ, ಕಾಲುವೆಗೆ ನೀರು ಬರುವ ಮುಂಚೆಯೋ ಅನಂತರವೋ ಎಂದು. ಯಾರು ಹೇಳಿದರು, ಎಂದು ಹೇಳಿದರು ಎಂಬುದನ್ನೂ ಬರೆಯಿರಿ. ಇಬ್ಬರು ಬೇರೆಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ಒಂದನ್ನು ಹೊಡೆದುಹಾಕಬೇಡಿ. ಪುಸ್ತಕ ತುಂಬಿದಮೇಲೆ ಅದರ ಪ್ರತಿಗಳನ್ನು ಮಾಡಿಸಿ, ಮನೆಯಲ್ಲಿರುವ ಮಗನಿಗೆ ಒಂದನ್ನು ಕೊಟ್ಟಂತೆ ಕೊಟ್ಟ ಊರಿನಲ್ಲಿರುವ ಮಗಳಿಗೂ ಒಂದನ್ನು ಕಳಿಸಿಕೊಡಿ.