ಈಸ್ಟರಿನ ಮೂರು ದಿನಗಳು

"ಶುಭ ಶುಕ್ರವಾರದ ಶುಭಾಶಯಗಳು!" ಎಂದು ಹೇಳಿ ಸಹಪಾಠಿಯ ಕೈಗೆ ಪೇಡೆಯ ಪೊಟ್ಟಣವನ್ನಿತ್ತ ಬುದ್ಧಿವಂತನು ನಾನು. 2025ರ ಏಪ್ರಿಲ್ 18ರ ಮಾತಿದು. ಆತ ಪೊಟ್ಟಣವನ್ನು ತೆಗೆದುಕೊಂಡ, ಬಿಚ್ಚಲಿಲ್ಲ. "ಭಾನುವಾರ ತಿನ್ನುತ್ತೇನೆ. ಯೇಸು ಶಿಲುಬೆಯ ಮೇಲೆ ಸತ್ತ ದಿನವಪ್ಪ ಇದು" ಎಂದ. ಹೆಸರಿನಲ್ಲಿಯೇ ಶುಭವಿರುವಾಗ ನನ್ನದೇನು ತಪ್ಪೆಂದು ವಾದಿಸಬಹುದಿತ್ತು. ಆದರೆ ಅವನ ತಂದೆ ತೀರಿಕೊಂಡು ಇನ್ನೂ ವರುಷ ತುಂಬಿರಲಿಲ್ಲವೆಂಬುದು ನೆನಪಾಗಿ ಸುಮ್ಮನಾದೆ. ನನ್ನಂತೆ ಎಡವುವವರು ನಮ್ಮ ಕಾಲೇಜಿನಲ್ಲಿ ಇನ್ನೂ ಕೆಲವರಿರಬಹುದು. ಅವರಿಗಾಗಿ ಈ ಲೇಖನ.

ಕ್ರಿಸ್ಮಸ್ಸಿಗೆ ಡಿಸೆಂಬರ್ 25 ಎಂದು ತಾರೀಖು ನಿಶ್ಚಿತವಾಗಿದೆ. ಈಸ್ಟರ್ ಹಾಗಲ್ಲ, ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿಯಾದರೂ ಬಂದೀತು. ಎಲ್ಲರೂ ಒಂದೇ ಭಾನುವಾರ ಆಚರಿಸತಕ್ಕದ್ದೆಂದು ಕ್ರಿ.ಶ. 325ರ ನೈಸೀಯ ಸಭೆ ನಿರ್ಣಯಿಸಿತು. ಈಗಿನ ಲೆಕ್ಕ ಹೀಗಿದೆ: ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಮೊದಲನೆಯ ಹುಣ್ಣಿಮೆಯನ್ನು ಹಿಡಿದು, ಅದಾದ ಮೇಲಿನ ಭಾನುವಾರ ಹಬ್ಬ. ಪಂಚಾಂಗವನ್ನು ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಬಹಳ ಸೋಜಿಗವಾಯಿತು. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25ಕ್ಕೆ, ಈಸ್ಟರ್ 31ಕ್ಕೆ. 2023ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 6ಕ್ಕೆ, ಈಸ್ಟರ್ 9ಕ್ಕೆ. ನಮ್ಮ ಹನುಮ ಜಯಂತಿಯನ್ನೂ ಅವರ ಹಬ್ಬವನ್ನೂ ನಡೆಸುವ ಚಂದ್ರನೊಬ್ಬನೇ! 2025ರಲ್ಲಿ ಮಾತ್ರ ಚರ್ಚಿನ ಲೆಕ್ಕದ ಹುಣ್ಣಿಮೆ ಏಪ್ರಿಲ್ 13ರ ಭಾನುವಾರವೇ ಬಿದ್ದುದರಿಂದ ಹಬ್ಬ 20ಕ್ಕೆ ಸರಿಯಿತು.

ಇನ್ನು ಆಚರಣೆ. ಶುಕ್ರವಾರ ಹಲವು ಚರ್ಚುಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ; ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಕುರಿತು ಬೋಧನೆ. ಅನೇಕರಿಗೆ ಅಂದು ಉಪವಾಸ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಉಪವಾಸವೆಂದರೆ ಅದೇ ಒಂದು ಶಿಲುಬೆ! ಕಥೋಲಿಕರು ಶನಿವಾರ ರಾತ್ರಿ ಕತ್ತಲೆಯಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡದೊಂದು ಮೇಣದ ಬತ್ತಿಯನ್ನು ಬೆಳಗಿಸುತ್ತಾರೆ. ಆ ಬೆಳಕು ಕೈಯಿಂದ ಕೈಗೆ ಹರಡುತ್ತದೆ. ಬಿಡುವಿದ್ದವರು ನಮ್ಮ ಜಿಲ್ಲೆಯ ಮುದಗಲ್ಲಿಗೇ ಹೋಗಬಹುದು. ಗೋವೆಯ ಜೆಸ್ವಿಟ್ ಪಾದ್ರಿಗಳು 16ನೆಯ ಶತಮಾನದಲ್ಲಿ ಬೆಳೆಸಿದ ಕ್ರೈಸ್ತ ಸಮುದಾಯ ಅಲ್ಲಿಯದು. ಬಣ್ಣದ ಮೊಟ್ಟೆಯ ಸಂಗತಿಯೂ ಸರಳ: ಹಿಂದೆ ನಲವತ್ತು ದಿನಗಳ ವ್ರತದಲ್ಲಿ ಮೊಟ್ಟೆ ನಿಷಿದ್ಧ, ಕೋಳಿಗಳಿಗೆ ಅದು ತಿಳಿಯದು, ಕೂಡಿಬಿದ್ದ ಮೊಟ್ಟೆಗಳು ಹಬ್ಬಕ್ಕೆ ಒದಗಿದವು. ಬೆಂಗಳೂರಿನ ಬೇಕರಿಗಳಲ್ಲಿ ಸಕ್ಕರೆಯ ಮೊಟ್ಟೆ ಸಿಗುತ್ತದೆ. ಮಿತ್ರನ ಮನೆಯಲ್ಲಿ ನನಗೆ ಸಿಕ್ಕಿದ್ದು ಮೊಟ್ಟೆಯ ಸಾರು. ನನಗೇನೂ ದೂರಿಲ್ಲ.

ಭಾನುವಾರ ಬೆಳಕು ಹರಿಯುವ ಮುನ್ನವೇ ಆತ ನನ್ನನ್ನು ಕರೆದೊಯ್ದುದು ಚರ್ಚಿಗಲ್ಲ, ಸ್ಮಶಾನಕ್ಕೆ. ಗೋರಿಗಳನ್ನು ತೊಳೆದು, ಹೂವಿಟ್ಟು, ಬತ್ತಿ ಹಚ್ಚಿದ ಸಂಸಾರಗಳು ಸಾಲಾಗಿ ನಿಂತಿದ್ದವು. ಒಂದೆಡೆ ಕನ್ನಡದ ಹಾಡು, ಇನ್ನೊಂದೆಡೆ ತೆಲುಗು. ಅವನ ತಾಯಿ ಗಂಡನ ಗೋರಿಯ ಬಳಿ ಕುಳಿತು ಅಳುತ್ತಿದ್ದವರು, ಹಾಡು ಮೊದಲಾದೊಡನೆ ಎದ್ದು ನಿಂತು ತಾವೂ ದನಿಗೂಡಿಸಿದರು. ನಾನು ಬತ್ತಿಗೆ ಗಾಳಿ ತಾಗದಂತೆ ಕೈ ಅಡ್ಡ ಹಿಡಿದು ನಿಂತೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಸಂಜೆ ಕೋಟೆಗೆ ಹೋದೆವು. ಗೋಡೆಯಲ್ಲಿ 1294ರ ಶಾಸನವುಳ್ಳ, 40 ಅಡಿಗೂ ಮೀರಿದ ಏಕಶಿಲೆಯಿದೆಯಷ್ಟೆ. ಅದನ್ನು ಬಂಡಿಯ ಮೇಲೆ ಸಾಗಿಸಿದ ಚಿತ್ರವನ್ನೂ ಕೊರೆದಿದ್ದಾರೆ. ಮಿತ್ರನ ಪುಟ್ಟ ತಮ್ಮ ಅದನ್ನು ದಿಟ್ಟಿಸಿ, "ಯೇಸುವಿನ ಗೋರಿಯ ಬಾಗಿಲ ಕಲ್ಲು ಇಷ್ಟು ದೊಡ್ಡದಿತ್ತೇನು?" ಎಂದು ಕೇಳಿದ. ಅಣ್ಣ ಆಲೋಚಿಸಿ, "ಇಷ್ಟಿರಲಿಕ್ಕಿಲ್ಲ" ಎಂದ. ಬಳಿಕ ಮಾವಿನಕೆರೆಯ ದಂಡೆಯಲ್ಲಿ ಕುಳಿತು ಆ ಪೊಟ್ಟಣವನ್ನು ಬಿಚ್ಚಿದ. ಎರಡು ದಿನಗಳ ಸೆಕೆಗೆ ಪೇಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂವರೂ ಮುರಿದುಕೊಂಡು ತಿಂದೆವು.