ಮೆಕ್ಕೆಜೋಳವು ಕಾರ್ನ್ ಫ್ಲೇಕ್ಸ್ ಆಗುವ ಬಗೆ

ಸೂಪರ್ ಮಾರ್ಕೆಟ್ಟಿನಲ್ಲಿ ಬೆಳಗಿನ ಉಪಾಹಾರದ ಪದಾರ್ಥಗಳನ್ನು ಜೋಡಿಸಿಟ್ಟ ಸಾಲಿನಿಂದ ಕಾರ್ನ್ ಫ್ಲೇಕ್ಸಿನ ಪೊಟ್ಟಣವೊಂದನ್ನು ಎತ್ತಿಕೊಂಡು ಅದರ ಹಿಂಬದಿಯ ಸಣ್ಣಕ್ಷರಗಳನ್ನು ಓದಿದರೆ, ಮೊದಲು ಮೆಕ್ಕೆಜೋಳದ ನುಚ್ಚು, ಬಳಿಕ ಸಕ್ಕರೆ, ಅನಂತರ ಬಾರ್ಲಿಯ ಮಾಲ್ಟು ಮತ್ತು ಉಪ್ಪು, ಕಡೆಯಲ್ಲಿ ಜೀವಸತ್ತ್ವಗಳು ಹಾಗೂ ಕಬ್ಬಿಣ, ಹೀಗೆ ಒಂದು ಅನುಕ್ರಮವು ಸಾಮಾನ್ಯವಾಗಿ ಕಾಣಬರುವುದು. ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ನಮೂದಿಸತಕ್ಕದ್ದೆಂಬುದು ನಮ್ಮ ದೇಶದ ಕಾನೂನು. ಆದುದರಿಂದ ಸಕ್ಕರೆಗೆ ಎರಡನೆಯ ಸ್ಥಾನ ದೊರೆತಿರುವುದು ಆಕಸ್ಮಿಕವಲ್ಲ. ಆದರೆ ಕಾಳಿನಲ್ಲಿ ಸಹಜವಾಗಿಯೇ ಇರುವ ಜೀವಸತ್ತ್ವವನ್ನು ಹೊರಗಿನಿಂದ ಮತ್ತೆ ಏಕೆ ಸೇರಿಸಬೇಕಾಯಿತು ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಈ ತಿನಿಸಿನ ತವರು ಅಮೆರಿಕದ ಮಿಷಿಗನ್ ಪ್ರಾಂತದ ಬ್ಯಾಟಲ್ ಕ್ರೀಕ್. ಅಲ್ಲಿನ ಆರೋಗ್ಯಧಾಮದ ಮುಖ್ಯ ವೈದ್ಯನಾಗಿದ್ದು, ಮಾಂಸ ಮಸಾಲೆಗಳನ್ನು ವರ್ಜಿಸಿದ ಸಪ್ಪೆಯ ಆಹಾರವೇ ರೋಗಿಗಳಿಗೆ ಹಿತವೆಂದು ದೃಢವಾಗಿ ನಂಬಿದ್ದ ಜಾನ್ ಹಾರ್ವೆ ಕೆಲಾಗ್ ಎಂಬಾತನೂ ಅವನ ತಮ್ಮ ವಿಲ್ ಕೀತ್ ಕೆಲಾಗನೂ 1894ರಲ್ಲಿ, ಬೇಯಿಸಿ ಬಹುಹೊತ್ತು ಹಾಗೆಯೇ ಉಳಿದಿದ್ದ ಗೋದಿಯನ್ನು ಉರುಳೆಗಳ ನಡುವೆ ಹಾಯಿಸಲು, ಒಂದೊಂದು ಕಾಳೂ ಒಂದೊಂದು ತೆಳುವಾದ ಬಿಲ್ಲೆಯಾಗಿ ಹೊರಬಂದಿತು. 1896ರಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. ಗೋದಿಯ ಸ್ಥಾನಕ್ಕೆ ಮೆಕ್ಕೆಜೋಳವನ್ನು ತಂದು, ಅಣ್ಣನಿಗೆ ಸಮ್ಮತವಲ್ಲದ ಸಕ್ಕರೆಯನ್ನು ಬೆರೆಸಿ, 1906ರಲ್ಲಿ ಸ್ವಂತ ಕಂಪನಿಯನ್ನು ಸ್ಥಾಪಿಸಿದವನು ತಮ್ಮ. ಆರೋಗ್ಯಧಾಮದ ಪಥ್ಯವು ಅಂಗಡಿಯ ಸರಕಾದದ್ದು ಈ ಹೆಜ್ಜೆಯಿಂದಲೇ ಎಂದು ನನ್ನ ಅಭಿಪ್ರಾಯ.

ಕಾರ್ಖಾನೆಗೆ ಬಂದ ಮೆಕ್ಕೆಜೋಳದಿಂದ ಮೊದಲು ಹೊರಗಿನ ಹೊಟ್ಟನ್ನೂ ಒಳಗಿನ ಮೊಳಕೆಯ ಭಾಗವನ್ನೂ ಬೇರ್ಪಡಿಸುತ್ತಾರೆ. ಕಾಳಿನ ಎಣ್ಣೆಯ ಬಹುಪಾಲು ಮೊಳಕೆಯಲ್ಲಿಯೇ ಸಂಚಿತವಾಗಿರುವುದರಿಂದ, ಅದನ್ನು ಉಳಿಸಿದರೆ ತಿಂಗಳುಗಟ್ಟಲೆ ಮಳಿಗೆಯಲ್ಲಿರಬೇಕಾದ ಪದಾರ್ಥಕ್ಕೆ ಕಮಟುವಾಸನೆ ಹತ್ತುವ ಭಯವುಂಟು. ಮೊಳಕೆಯಿಂದ ಅಡಿಗೆಯ ಎಣ್ಣೆಯನ್ನು ತೆಗೆಯುತ್ತಾರೆ. ಹೊಟ್ಟು ದನಗಳ ಮೇವಾಗುತ್ತದೆ. ಉಳಿದ ತಿರುಳಿನ ದಪ್ಪ ನುಚ್ಚನ್ನು ಸಕ್ಕರೆ, ಮಾಲ್ಟು, ಉಪ್ಪು, ನೀರುಗಳೊಡನೆ ಒತ್ತಡದ ಹಬೆಯಲ್ಲಿ ಬೇಯಿಸಿ, ಒಣಗಿಸಿ, ಒಳಗಿನ ತೇವ ಎಲ್ಲೆಡೆ ಸಮನಾಗಿ ಹರಡುವವರೆಗೆ ಬಿಟ್ಟು, ಭಾರವಾದ ಉಕ್ಕಿನ ಉರುಳೆಗಳ ನಡುವೆ ಚಪ್ಪಟೆಯಾಗಿಸಿ, ಕಡೆಗೆ ತೀವ್ರವಾದ ಶಾಖದಲ್ಲಿ ಅಲ್ಪಕಾಲ ಹುರಿಯುತ್ತಾರೆ. ಹೊಂಬಣ್ಣವೂ ಗರಿಗರಿಯೂ ಹುಟ್ಟುವುದು ಈ ಕಡೆಯ ಹಂತದಲ್ಲಿ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಅವಲಕ್ಕಿಯನ್ನು ಮಾಡಿಕೊಂಡು ಬಂದಿರುವ ನಮ್ಮವರಿಗೆ ಇದರ ಮೂಲತತ್ತ್ವವೇನೂ ಅಪರಿಚಿತವಲ್ಲ. ನಮ್ಮ ಹಾವೇರಿ, ದಾವಣಗೆರೆ ಸೀಮೆಗಳಲ್ಲಿ ಮೆಕ್ಕೆಜೋಳವು ಹೇರಳವಾಗಿ ಬೆಳೆಯುವುದಾದರೂ ಅದರಲ್ಲಿ ಬಹುಭಾಗ ಕೋಳಿಗಳ ಆಹಾರಕ್ಕೂ ಪಿಷ್ಟದ ಕಾರ್ಖಾನೆಗಳಿಗೂ ಸಲ್ಲುತ್ತದೆ.

ಹೊಟ್ಟು ಮೊಳಕೆಗಳೊಡನೆ ಹೊರಟುಹೋದ ಸತ್ತ್ವದಲ್ಲಿ ಕೆಲವನ್ನು ತಯಾರಕರು ಮರಳಿ ಸೇರಿಸುತ್ತಾರೆ. ಶಾಖಕ್ಕೆ ನಾಶವಾಗುವ ಜೀವಸತ್ತ್ವಗಳನ್ನು ಹುರಿದಾದ ಮೇಲೆ ದ್ರವರೂಪದಲ್ಲಿ ಸಿಂಪಡಿಸುವುದು ರೂಢಿ. ಕಬ್ಬಿಣವನ್ನು ಎಷ್ಟೋ ತಯಾರಿಕೆಗಳಲ್ಲಿ ಅತಿನಯವಾದ ಲೋಹದ ಪುಡಿಯಾಗಿಯೇ ಬೆರೆಸುವರು. ಅಂಥ ಬಿಲ್ಲೆಗಳನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಬಲವಾದ ಅಯಸ್ಕಾಂತವನ್ನು ಆಡಿಸಿದರೆ ಬೂದುಬಣ್ಣದ ಕಣಗಳು ಅದಕ್ಕೆ ಅಂಟಿಕೊಳ್ಳುವುದನ್ನು ಶಾಲೆಯ ಮಕ್ಕಳೂ ನೋಡಬಹುದು. ಇದರಲ್ಲಿ ಗಾಬರಿಪಡಬೇಕಾದುದಿಲ್ಲ: ಜಠರದ ಆಮ್ಲದಲ್ಲಿ ಆ ಪುಡಿ ಕರಗಿ, ಅದರ ಒಂದಂಶವು ರಕ್ತಕ್ಕೆ ಸೇರುತ್ತದೆ. ಆದರೆ ಹೊಟ್ಟಿನೊಡನೆ ಹೋದ ನಾರಿನಂಶವು ಸಾಮಾನ್ಯ ಕಾರ್ನ್ ಫ್ಲೇಕ್ಸಿಗೆ ಹೆಚ್ಚಾಗಿ ಮರಳಿ ಬರುವುದಿಲ್ಲವೆಂಬುದನ್ನು ಮಾತ್ರ ಕೊಳ್ಳುವವರು ಅವಶ್ಯವಾಗಿ ತಿಳಿದಿರಬೇಕು.

ಸೂಪರ್ ಮಾರ್ಕೆಟ್ಟಿನ ಅದೇ ಸಾಲಿನಲ್ಲಿರುವ ಓಟ್ಸಿನ ಕಥೆ ಭಿನ್ನವಾದುದು. ಎಣ್ಣೆಯನ್ನು ಕೆಡಿಸುವ ಕಿಣ್ವವನ್ನು ಹಬೆಯ ಶಾಖದಿಂದ ಮೊದಲೇ ನಿಷ್ಕ್ರಿಯಗೊಳಿಸುವುದರಿಂದ, ಆ ಧಾನ್ಯದ ಮೇಲಿನ ಸಿಪ್ಪೆಯನ್ನಷ್ಟೇ ತೆಗೆದು, ಒಳಹೊಟ್ಟು ಮೊಳಕೆಗಳ ಸಮೇತ ಇಡಿಯ ಕಾಳನ್ನೇ ಒತ್ತಿ ಪೊಟ್ಟಣಕ್ಕೆ ತುಂಬುವುದು ಸಾಧ್ಯವಾಗಿದೆ.