ಕೃಷಿ ಮೇಳಕ್ಕೆ ಒಂದು ಪ್ರಶ್ನೆ ಹಿಡಿದು ಹೋಗಿ

ಅಕ್ಕಂದಿರೇ,

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಬೆಂಗಳೂರಿನ ಜಿ.ಕೆ.ವಿ.ಕೆ. ಕೃಷಿ ಮೇಳಕ್ಕೆ ಹೋಗಿದ್ದೆ. ಒಂದು ಮಳಿಗೆಯನ್ನೂ ಬಿಡದೆ ಸಂಜೆವರೆಗೆ ಸುತ್ತಿ, ಚೀಲದ ತುಂಬ ಕರಪತ್ರ ತಂದೆ. ಮರುದಿನ ಗುಬ್ಬಿ ತಾಲ್ಲೂಕಿನ ಸಂಘವೊಂದಕ್ಕೆ ಹೋದಾಗ, ಹಾಲು ಹಾಕಲು ಬಂದಿದ್ದ ಅಜ್ಜಿಯೊಬ್ಬರು ಕೇಳಿದರು: "ಮೇಳಕ್ಕೆ ಹೋಗಿದ್ರಂತೆ ಡಾಕ್ಟ್ರೇ, ನಮ್ಮ ಹಸೂಗೆ ಏನ್ ತಂದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕರಪತ್ರಗಳನ್ನು ಮತ್ತೆ ತೆಗೆದು ಓದಲೂ ಇಲ್ಲ.

ಕೆಲವು ವರ್ಷಗಳ ನಂತರ ಕುಣಿಗಲ್ ತಾಲ್ಲೂಕಿನ ಸದಸ್ಯೆಯೊಬ್ಬರು ಅದೇ ಮೇಳಕ್ಕೆ ಹೋದರು. ಅವರ ಹಸುವಿಗೆ ಮೂರು ಸಲ ಇಂಜೆಕ್ಷನ್ ಹಾಕಿಸಿದರೂ ಗಬ್ಬ ಕಟ್ಟಿರಲಿಲ್ಲ. ಹಸು ಬೆದೆಗೆ ಬಂದ ದಿನ, ಹೊತ್ತು, ಇಂಜೆಕ್ಷನ್ ಹಾಕಿಸಿದ ಹೊತ್ತು ಎಲ್ಲವನ್ನೂ ಮಗಳ ಕೈಯಲ್ಲಿ ಒಂದು ಹಾಳೆಗೆ ಬರೆಸಿಕೊಂಡಿದ್ದರು. ಪಶುಪಾಲನೆ ಮಳಿಗೆಯಲ್ಲಿದ್ದ ತಜ್ಞರು ಹಾಳೆ ನೋಡಿದರು. ಬೆದೆ ಸರಿಯಾಗಿ 21 ದಿನಕ್ಕೊಮ್ಮೆ ಬರುತ್ತಿತ್ತು. ಆದರೆ ಮೂರು ಸಲವೂ ಬೆಳಿಗ್ಗೆ ಬೆದೆ ಕಂಡ ಒಂದು ಗಂಟೆಯೊಳಗೆ ಇಂಜೆಕ್ಷನ್ ಆಗಿತ್ತು. "ಇದು ಬೇಗ ಆಯಿತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸಿ" ಎಂದರು.

ಹಸುವಿನ ಅಂಡಾಣು ಹೊರಬರುವುದು ಬೆದೆ ಮುಗಿದು 10ರಿಂದ 14 ಗಂಟೆಯ ಮೇಲೆ. ತೀರಾ ಬೇಗ ಹಾಕಿದರೆ ವೀರ್ಯಾಣು ಅಷ್ಟು ಹೊತ್ತು ಉಳಿಯುವುದಿಲ್ಲ. ಆ ಅಕ್ಕ ಮುಂದಿನ ಬೆದೆಗೆ ಹೊತ್ತು ನೋಡಿ ಹಾಕಿಸಿದರು. ಮೂರು ತಿಂಗಳಾದ ಮೇಲೆ ಗರ್ಭ ಪರೀಕ್ಷೆ ಮಾಡಿದವನು ನಾನೇ. ಹಸು ಗಬ್ಬವಾಗಿತ್ತು. ಹೊತ್ತು ಯಾವುದು ಎಂದು ನಾನೇ ಮೊದಲು ಕೇಳಬೇಕಿತ್ತು. ಕೇಳಿರಲಿಲ್ಲ.

ಎಲ್ಲ ಹಸುವಿಗೂ ಕಾರಣ ಇದೇ ಎಂದಲ್ಲ. ಗರ್ಭಕೋಶದ ಸೋಂಕು, ಖನಿಜದ ಕೊರತೆಯೂ ಇರಬಹುದು. ಆದರೆ ತಾರೀಕು ಬರೆದ ಹಾಳೆ ಇದ್ದರೆ ಹುಡುಕುವುದು ಸುಲಭ. ಒಂದು ಬೆದೆ ತಪ್ಪಿದರೆ 21 ದಿನ ಹಿಂದೆ ಬಿದ್ದಂತೆ. ಮೂರು ತಪ್ಪಿದರೆ ಎರಡು ತಿಂಗಳ ಮೇವು ದಂಡ.

ಹೋಗುವವರು ಯಾರು?

ಈಚಿನ ವರ್ಷಗಳಲ್ಲಿ ಮೇಳ ನವೆಂಬರ್‌ನಲ್ಲಿ ನಾಲ್ಕು ದಿನ ನಡೆಯುತ್ತದೆ. 2024ರಲ್ಲಿ 14ರಿಂದ 17ರವರೆಗೆ ಇತ್ತು. ಗುಬ್ಬಿಯವರು ತುಮಕೂರಿನ ಮೇಲೆ ರೈಲಿನಲ್ಲಿ, ಕುಣಿಗಲ್‌ನವರು ನೆಲಮಂಗಲದ ಮೇಲೆ ಬಸ್ಸಿನಲ್ಲಿ ಬೆಂಗಳೂರು ತಲುಪಿ, ಅಲ್ಲಿಂದ ಹೆಬ್ಬಾಳದ ಮುಂದೆ ಬಳ್ಳಾರಿ ರಸ್ತೆಯಲ್ಲಿರುವ ಜಿ.ಕೆ.ವಿ.ಕೆ.ಗೆ ಹೋಗಬಹುದು.

ಹೆಚ್ಚಿನ ಮನೆಗಳಲ್ಲಿ ಹಾಲು ಕರೆಯುವವರು ನೀವು, ಮೇಳಕ್ಕೆ ಹೋಗುವವರು ಗಂಡಸರು. ಹಸು ಯಾವಾಗ ಮೇವು ಬಿಟ್ಟಿತು, ಯಾವ ಮೊಲೆ ಗಟ್ಟಿಯಾಯಿತು ಎಂದು ನಿಮಗೆ ಗೊತ್ತು. ತಜ್ಞರು ಕೇಳುವುದೂ ಅದನ್ನೇ. ಸಂಜೆ ಹಾಲು ಕರೆಯುವವರಿಲ್ಲ ಎಂಬುದೇ ತೊಡಕಾದರೆ ಇಬ್ಬಿಬ್ಬರು ಜೊತೆಯಾಗಿ. ಒಂದು ದಿನ ಒಬ್ಬರು ಹೋಗಿ, ಇನ್ನೊಬ್ಬರು ಎರಡೂ ಮನೆಯ ಹಸು ನೋಡಿಕೊಳ್ಳಲಿ. ಮರುದಿನ ಅದಲು ಬದಲು. ಹೊಸ ಕೈಗೆ ಹಸು ಒಗ್ಗಲು ಎರಡು ದಿನ ಮುಂಚೆಯೇ ಜೊತೆಗೆ ಕೂತು ಕರೆಯಿರಿ.

ಹೋಗುವ ಮುನ್ನ ಒಂದು ಹಾಳೆ

ಹಸು ಕರು ಹಾಕಿದ ತಾರೀಕು, ಬೆದೆ ಮತ್ತು ಇಂಜೆಕ್ಷನ್ ತಾರೀಕು, ದಿನಕ್ಕೆ ಎಷ್ಟು ಲೀಟರ್, ಏನೇನು ಮೇವು ಎಷ್ಟೆಷ್ಟು, ಕಿವಿಯೋಲೆಯ 12 ಅಂಕಿ, ಇಷ್ಟು ಬರೆದುಕೊಳ್ಳಿ. ಕೆಳಗೆ ಒಂದೇ ಪ್ರಶ್ನೆ ಬರೆಯಿರಿ. "ಕೆಚ್ಚಲು ಬಾವು ಯಾಕೆ ಮರುಕಳಿಸುತ್ತೆ?" ಆಗಬಹುದು, "ಬೇಸಿಗೆಗೆ ರಸಮೇವು ಹೇಗೆ ಮಾಡಿಡಲಿ?" ಆಗಬಹುದು. ಮೊದಲು ಆ ಮಳಿಗೆಗೇ ಹೋಗಿ. ಜನ ಸೇರುವ ಮುಂಚೆ, ಬೆಳಿಗ್ಗೆಯೇ ಹೋದರೆ ತಜ್ಞರಿಗೆ ನಿಮ್ಮ ಜೊತೆ ಮಾತಾಡಲು ಬಿಡುವಿರುತ್ತದೆ. ಸುತ್ತಾಟ ಆಮೇಲೆ.

ಕೊಳ್ಳುವ ಮುನ್ನ ಲೆಕ್ಕ

ಯಂತ್ರ ನೋಡಿ ಆಸೆಯಾಗುವುದು ಸಹಜ. ಹಾಲು ಕರೆಯುವ ಯಂತ್ರಕ್ಕೆ 45,000 ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 25 ರೂಪಾಯಿ, ಬಡ್ಡಿ, ಕರೆಂಟು, ರಬ್ಬರ್ ಬದಲಿಸುವ ಖರ್ಚು ಬೇರೆ. ಎರಡು ಹಸುವಿಗೆ ಇದು ಗಿಟ್ಟುತ್ತದೆಯೇ? ಎಂಟು ಹಸು ಇರುವವರ ಲೆಕ್ಕವೇ ಬೇರೆ. ಕರೆಂಟು ಹೋದರೆ ಏನು ಮಾಡಬೇಕು, ಗುಬ್ಬಿಗೆ ಬಂದು ರಿಪೇರಿ ಮಾಡುವವರು ಯಾರು, ನಮ್ಮ ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿದೆ ಎಂದು ಕೇಳಿ. ಆ ಮನೆಗೆ ಹೋಗಿ ನೋಡುವವರೆಗೆ ಮುಂಗಡ ಕೊಡಬೇಡಿ.

ಇನ್ನೊಂದು ಮಾತು. ಪ್ರದರ್ಶನದ ರಾಸುಗಳನ್ನು ಮುಟ್ಟಿ, ಅದೇ ಚಪ್ಪಲಿಯಲ್ಲಿ ಕೊಟ್ಟಿಗೆಗೆ ಹೋಗಬೇಡಿ. ಕಾಲುಬಾಯಿ ಜ್ವರದ ವೈರಾಣು ಚಪ್ಪಲಿ, ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಚಪ್ಪಲಿ ತೊಳೆದು, ಸೀರೆ ಬದಲಿಸಿ, ಕೈಕಾಲು ಸೋಪಿನಲ್ಲಿ ತೊಳೆದ ಮೇಲೆಯೇ ಹಾಲಿಗೆ ಕೂರಿ.

ಹಿಂದಿರುಗಿದ ವಾರವೇ, ಸಂಘದಲ್ಲಿ ಹಾಲು ಹಾಕುವ ಹೊತ್ತಿಗೆ, ಕೇಳಿಕೊಂಡು ಬಂದದ್ದನ್ನು ಉಳಿದವರಿಗೆ ಹೇಳಿ. ನಾನು ನಿಮ್ಮ ಸಂಘಕ್ಕೆ ಬಂದಾಗ ಆ ಹಾಳೆ ತೋರಿಸಿ. ಅಜ್ಜಿ ನನ್ನನ್ನು ಕೇಳಿದ್ದನ್ನೇ ನಾನು ನಿಮ್ಮನ್ನು ಕೇಳುತ್ತೇನೆ: ನಿಮ್ಮ ಹಸುವಿಗೆ ಏನು ತಂದಿರಿ?